ಉಳಿದ ಮಾತ್ರೆ ಟಾಯ್ಲೆಟ್‌ಗೋ ಕಸದ ಬುಟ್ಟಿಗೋ? ಬಾವಿ ನೀರು ಕುಡಿಯುವ ಊರುಗಳಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ

ಮಂಗಳೂರು, ಉಡುಪಿ ಕಡೆಯ ಹೆಚ್ಚಿನ ಮನೆಗಳಲ್ಲಿ ಒಂದು ಮದ್ದಿನ ಡಬ್ಬಿ ಇರುತ್ತದೆ. ಹಳೆಯ ಬಿಸ್ಕತ್ತಿನ ಡಬ್ಬಿಯೋ ಐಸ್‌ಕ್ರೀಮಿನ ಡಬ್ಬಿಯೋ ಆಗಿರಬಹುದು. ಅದರೊಳಗೆ ಡಾಕ್ಟರ್ ಬದಲಿಸಿದ ಮೇಲೆ ಉಳಿದ ಬಿಪಿ ಮಾತ್ರೆ, ಮೂರೇ ದಿನಕ್ಕೆ ನಿಲ್ಲಿಸಿದ ಆ್ಯಂಟಿಬಯಾಟಿಕ್, ಅಂಟು ಹಿಡಿದ ಕೆಮ್ಮಿನ ಸಿರಪ್, ಗಲ್ಫ್‌ನಿಂದ ಬಂದವರು ತಂದುಕೊಟ್ಟ ನೋವಿನ ಮುಲಾಮು ಎಲ್ಲವೂ ಒಟ್ಟಿಗೆ ಇರುತ್ತವೆ. ಮಕ್ಕಳೆಲ್ಲ ಮುಂಬೈ, ದುಬೈಗಳಲ್ಲಿದ್ದು ವಯಸ್ಸಾದವರಿಬ್ಬರೇ ಉಳಿದಿರುವ ಮನೆಗಳಲ್ಲಿ ಈ ಡಬ್ಬಿ ಇನ್ನೂ ದೊಡ್ಡದು. ಅವಧಿ ಮುಗಿದ ಮೇಲೆ ಇದೆಲ್ಲ ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಸ್ವಲ್ಪ ಸಮಯದ ಅಂತರದಲ್ಲಿ ಎರಡು ಸರ್ಕಾರಿ ಉತ್ತರಗಳು ಬಂದವು. ಔಷಧಗಳ ಮೇಲೆ ಕಣ್ಣಿಡುವ ಕೇಂದ್ರ ಸಂಸ್ಥೆ ಸಿಡಿಎಸ್‌ಸಿಒ 2025ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. 17 ಔಷಧಗಳನ್ನು ಟಾಯ್ಲೆಟ್‌ಗೆ ಹಾಕಿ ಫ್ಲಷ್ ಮಾಡಬೇಕು ಎಂದು ಅದರಲ್ಲಿತ್ತು. ಆಮೇಲೆ ಕೇಂದ್ರ ಪರಿಸರ ಸಚಿವಾಲಯದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2026 ಬಂದವು. ಏಪ್ರಿಲ್ 1ರಿಂದ ಜಾರಿ. ಇದರಲ್ಲಿ ಮನೆಯ ಕಸವನ್ನು ನಾಲ್ಕು ಭಾಗ ಮಾಡಿ ಕೊಡಬೇಕು: ಹಸಿ ಕಸ, ಒಣ ಕಸ, ಡಯಾಪರ್, ಪ್ಯಾಡ್‌ಗಳಂಥ ನೈರ್ಮಲ್ಯದ ಕಸ, ಮತ್ತು ವಿಶೇಷ ಕಾಳಜಿಯ ಕಸ. ಔಷಧ ಸೇರುವುದು ಈ ನಾಲ್ಕನೆಯದಕ್ಕೆ.

ಹಾಗಾದರೆ ಫ್ಲಷ್ ಮಾಡಬೇಕೋ, ತೆಗೆದಿಟ್ಟು ಕೊಡಬೇಕೋ? ಜನರಿಗೆ ಗೊಂದಲ ಆದದ್ದು ಸಹಜ.

ಆ 17 ಔಷಧಗಳೇ ಯಾಕೆ?

ಮಾರ್ಗಸೂಚಿಯ ಸುದ್ದಿ ವಾಟ್ಸ್‌ಆ್ಯಪ್‌ಗೆ ಬರುವ ಹೊತ್ತಿಗೆ 'ಹಳೆ ಮಾತ್ರೆಗಳನ್ನು ಫ್ಲಷ್ ಮಾಡಬೇಕಂತೆ' ಎಂದಾಗಿತ್ತು. ಅದು ಪೂರ್ತಿ ತಪ್ಪು. ಪಟ್ಟಿಯಲ್ಲಿರುವುದು ಫೆಂಟನಿಲ್, ಮಾರ್ಫಿನ್, ಬುಪ್ರೆನಾರ್ಫಿನ್, ಮೆಥಡೋನ್, ಆಕ್ಸಿಕೋಡೋನ್, ಟ್ರಮಡಾಲ್, ಟಪೆಂಟಡಾಲ್, ಡಯಾಜೆಪಾಮ್, ಮೀಥೈಲ್‌ಫೆನಿಡೇಟ್‌ನಂಥ ಕೆಲವು ಔಷಧಗಳು ಮಾತ್ರ. ಒಂದೇ ಔಷಧದ ಬೇರೆ ಬೇರೆ ಲವಣ ರೂಪಗಳನ್ನೂ ಪ್ರತ್ಯೇಕವಾಗಿ ಎಣಿಸಿದ್ದರಿಂದ ಸಂಖ್ಯೆ 17 ಆಗಿದೆ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ, ಪ್ಯಾರಾಸಿಟಮಾಲ್, ಆ್ಯಂಟಿಬಯಾಟಿಕ್ ಯಾವುದೂ ಈ ಪಟ್ಟಿಯಲ್ಲಿ ಇಲ್ಲ.

ಪಟ್ಟಿಯಲ್ಲಿರುವವು ಹೆಚ್ಚಾಗಿ ಬಲವಾದ ನೋವು ನಿವಾರಕಗಳು. ಇನ್ನು ಕೆಲವು ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಗಳು. ಇವುಗಳ ಅಪಾಯ ಬೇರೆ ಥರದ್ದು. ರೋಗಿಗೆ ಸರಿಯಾದ ಪ್ರಮಾಣ ಮಗುವಿನ ಪ್ರಾಣ ತೆಗೆಯಬಹುದು. ಕ್ಯಾನ್ಸರ್ ನೋವಿಗೆ ಮೈಮೇಲೆ ಅಂಟಿಸುವ ಫೆಂಟನಿಲ್ ಪ್ಯಾಚನ್ನೇ ನೋಡಿ. ಮೂರು ದಿನ ಬಳಸಿ ಕಿತ್ತ ಮೇಲೂ ಅದರಲ್ಲಿ ಸಾಕಷ್ಟು ಮದ್ದು ಉಳಿದಿರುತ್ತದೆ. ಅದನ್ನು ಕಸದ ಬುಟ್ಟಿಯಿಂದ ಎತ್ತಿಕೊಂಡ ಮಗು ಸ್ಟಿಕ್ಕರ್ ಎಂದುಕೊಂಡು ಮೈಗೆ ಅಂಟಿಸಿಕೊಳ್ಳಬಹುದು, ಬಾಯಿಗೂ ಹಾಕಿಕೊಳ್ಳಬಹುದು. ಇನ್ನೊಂದು ಅಪಾಯ ಅಮಲಿಗಾಗಿ ದುರ್ಬಳಕೆ. ಇಂಥ ಮದ್ದು ಮನೆಯಲ್ಲಿ ಒಂದು ದಿನವೂ ಸುಮ್ನೆ ಬಿದ್ದಿರಬಾರದು ಎನ್ನುವುದೇ ಫ್ಲಷ್ ಸಲಹೆಯ ಹಿಂದಿನ ಲೆಕ್ಕ. ನೀರಿಗೆ ಸ್ವಲ್ಪ ಹಾನಿ ಆದರೂ ಒಂದು ಜೀವ ಉಳಿಯಲಿ ಎನ್ನುವ ಯೋಚನೆ.

ಇಂಥದ್ದೇ ಪಟ್ಟಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲೂ ಇದೆ. ಆದರೆ ಅಲ್ಲಿ ಅದಕ್ಕೆ ಒಂದು ಮುಖ್ಯ ಷರತ್ತು ಇದೆ. ಔಷಧ ವಾಪಸ್ ಕೊಡುವ ಕೇಂದ್ರಕ್ಕೆ ಹೋಗಲು ದಾರಿಯೇ ಇಲ್ಲದಿದ್ದರೆ ಮಾತ್ರ ಫ್ಲಷ್ ಮಾಡಿ ಎನ್ನುತ್ತದೆ ಎಫ್‌ಡಿಎ. ಅಲ್ಲಿ 2010ರಿಂದ ಔಷಧ ವಾಪಸಾತಿಗೆಂದೇ ರಾಷ್ಟ್ರೀಯ ದಿನ ನಡೆಸುತ್ತಾರೆ, ವರ್ಷವಿಡೀ ತೆರೆದಿರುವ ಪೆಟ್ಟಿಗೆಗಳೂ ಇವೆ. ನಮ್ಮ ಮಾರ್ಗಸೂಚಿಯೂ ವಾಪಸಾತಿಯ ವಿಷಯ ಎತ್ತಿದೆ. ರಾಜ್ಯದ ಔಷಧ ನಿಯಂತ್ರಣ ಇಲಾಖೆ ಮತ್ತು ಔಷಧ ವ್ಯಾಪಾರಿಗಳ ಸಂಘ ಸೇರಿ ಇಂಥ ವ್ಯವಸ್ಥೆ ಮಾಡಬಹುದು ಎಂದಿದೆ. 'ಮಾಡಬಹುದು' ಎಂದಷ್ಟೇ ಹೇಳಿದ್ದರಿಂದ ಆ ಮಾತು ಸುದ್ದಿಯಾಗಲಿಲ್ಲ. ಫ್ಲಷ್ ಮಾತ್ರ ಸುದ್ದಿಯಾಯಿತು.

ಕರಾವಳಿಯಲ್ಲಿ ಫ್ಲಷ್ ಮಾಡಿದ್ದು ಎಲ್ಲಿಗೆ ಹೋಗುತ್ತದೆ?

ಫ್ಲಷ್ ಸಲಹೆ ಕೊಡುವವರ ಮನಸ್ಸಿನಲ್ಲಿ ಒಂದು ಚಿತ್ರ ಇರುತ್ತದೆ. ಟಾಯ್ಲೆಟ್‌ನಿಂದ ಒಳಚರಂಡಿ, ಅಲ್ಲಿಂದ ಶುದ್ಧೀಕರಣ ಘಟಕ, ಅಲ್ಲಿಂದ ನದಿ. ಮಂಗಳೂರಿನ ಒಳಚರಂಡಿ ಸಂಪರ್ಕ ಇರುವ ಬಡಾವಣೆಗಳಲ್ಲಿ ಈ ಚಿತ್ರ ಸರಿಯೇ. ಅಲ್ಲಿನ ನೀರು ಕಾವೂರು, ಬಜಾಲ್, ಸುರತ್ಕಲ್ ಕಡೆಯ ಘಟಕಗಳಿಗೆ ಹೋಗುತ್ತದೆ. ಆದರೆ ಇಂಥ ಘಟಕಗಳನ್ನು ಕಟ್ಟಿದ್ದು ಮಲಮೂತ್ರದ ಕೊಳೆ ತೆಗೆಯಲಿಕ್ಕೆ. ನೀರಿನಲ್ಲಿ ಕರಗಿದ ಔಷಧವನ್ನು ಪೂರ್ತಿ ತೆಗೆಯುವ ಶಕ್ತಿ ಅವಕ್ಕಿಲ್ಲ.

ಜಿಲ್ಲೆಯ ಉಳಿದ ಕಡೆ ಚಿತ್ರವೇ ಬೇರೆ. ಉಡುಪಿಯಲ್ಲೂ ಒಳಚರಂಡಿ ಇರುವುದು ನಗರದ ಒಂದಷ್ಟು ಭಾಗಕ್ಕೆ ಮಾತ್ರ. ಹಳ್ಳಿಗಳಲ್ಲಿ ಮನೆಗೊಂದು ಟಾಯ್ಲೆಟ್ ಗುಂಡಿ, ಮನೆಗೊಂದು ಬಾವಿ. ಐದು, ಹತ್ತು ಸೆಂಟ್ಸ್ ಜಾಗಗಳಲ್ಲಿ ನಿಮ್ಮ ಗುಂಡಿಗೂ ಪಕ್ಕದ ಮನೆಯ ಬಾವಿಗೂ ನಡುವೆ ಎಷ್ಟು ದೂರ ಇರುತ್ತದೆ, ಹೇಳಿ? ಕೆಳಗಿರುವುದು ಮುರಕಲ್ಲು. ಅದರ ತುಂಬ ತೂತು, ನೀರು ಸುಲಭವಾಗಿ ಹರಿದುಹೋಗುತ್ತದೆ. ಮಳೆಗಾಲದಲ್ಲಿ ಬಾವಿ ಒಂದೇ ವಾರಕ್ಕೆ ತುಂಬುವುದು ಇದೇ ಗುಣದಿಂದ. ಬಾವಿಗೆ ಮಳೆನೀರು ಇಳಿಯುವ ದಾರಿಯಲ್ಲೇ ಗುಂಡಿಯ ನೀರೂ ಇಳಿಯಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ಇದು. ಜೂನ್, ಜುಲೈಯಲ್ಲಿ ನೆಲದೊಳಗಿನ ನೀರು ಮೇಲಕ್ಕೆ ಬಂದು ಗುಂಡಿಯ ತಳವನ್ನೇ ಮುಟ್ಟುತ್ತದೆ.

ಹಾಗಾಗಿ ಈ ಸಲಹೆ ಕರಾವಳಿಗೆ ಇದ್ದ ಹಾಗೆಯೇ ಹೊಂದುವುದಿಲ್ಲ. ಒಳಚರಂಡಿಯ ಊರಿಗೆ ಬರೆದ ಪರಿಹಾರವನ್ನು ಗುಂಡಿಯ ಊರಿನಲ್ಲಿ ಪಾಲಿಸುವಾಗ ಹತ್ತು ಸಲ ಯೋಚಿಸಬೇಕು.

ಒಂದು ಮಾತನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ನೀರಿಗೆ ಸೇರುವ ಔಷಧದಲ್ಲಿ ದೊಡ್ಡ ಪಾಲು ಬರುವುದು ಬಿಸಾಡಿದ ಮಾತ್ರೆಗಳಿಂದ ಅಲ್ಲ. ನಾವು ನುಂಗಿದ ಮದ್ದಿನ ಒಂದು ಭಾಗ ಮೂತ್ರದಲ್ಲಿ ಹೊರಗೆ ಬರುತ್ತದೆ, ಅದೇ ಹೆಚ್ಚು. ಔಷಧ ಕಾರ್ಖಾನೆಗಳಿರುವ ಕಡೆ ಅವುಗಳ ಪಾಲೂ ದೊಡ್ಡದು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಕಾರ್ಖಾನೆಗಳ ನೀರನ್ನು ಶುದ್ಧ ಮಾಡಿ ಹೊರಬಿಡುವ ಘಟಕ ಒಂದಿದೆ. ಅದರ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಇದ್ದದ್ದನ್ನು 2007ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದರು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಆದರೆ ಮೂತ್ರದಲ್ಲಿ ಹೋಗುವುದನ್ನು ತಡೆಯಲು ನಮ್ಮಿಂದ ಆಗುವುದಿಲ್ಲ. ಉಳಿದ ಮಾತ್ರೆ ನಮ್ಮ ಕೈಯಲ್ಲೇ ಇದೆ, ಅದನ್ನು ತಡೆಯಬಹುದು.

ಆ್ಯಂಟಿಬಯಾಟಿಕ್‌ಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ನೀರಿನಲ್ಲಿ, ಮಣ್ಣಿನಲ್ಲಿ ಅಲ್ಪ ಪ್ರಮಾಣದ ಔಷಧ ಸದಾ ಇದ್ದರೆ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ, ತಡೆದುಕೊಂಡವು ಉಳಿದು ಬೆಳೆಯುತ್ತವೆ. ಮುಂದೆ ಅವು ಮನುಷ್ಯರಿಗೆ ಅಂಟಿದಾಗ ಅದೇ ಮದ್ದು ಕೆಲಸ ಮಾಡುವುದಿಲ್ಲ. ಹೀಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ನೇರವಾಗಿ 12.7 ಲಕ್ಷ ಜನ ಸತ್ತರು ಎನ್ನುವ ಅಂದಾಜಿದೆ.

ಆಸ್ಪತ್ರೆಯ ಗೇಟಿನ ಒಳಗೆ

ಈಗ ಅದೇ ಮಾತ್ರೆ ಆಸ್ಪತ್ರೆಯೊಳಗೆ ಉಳಿದರೆ ಏನಾಗುತ್ತದೆ ಎಂದು ನೋಡೋಣ.

ಆಸ್ಪತ್ರೆಗಳಿಗೆ ಅನ್ವಯಿಸುವುದು ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016. ಇದು 1998ರ ಹಳೆಯ ನಿಯಮಗಳ ಜಾಗಕ್ಕೆ ಬಂದದ್ದು. ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬಣ್ಣದ ಮೇಲೆ ಬೇರೆ ಮಾಡಬೇಕು. ಅವಧಿ ಮುಗಿದ ಮತ್ತು ಬಿಸಾಡುವ ಔಷಧ ಹಳದಿಗೆ. ಚುಚ್ಚಿದ ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ. ಖಾಲಿಯಾದ ಗಾಜಿನ ಮದ್ದಿನ ಸೀಸೆ ನೀಲಿಗೆ.

ಆದರೆ ಒಳ್ಳೆಯ ಆಸ್ಪತ್ರೆಯ ಕೆಲಸ ಹಳದಿ ಚೀಲದಿಂದ ಶುರುವಾಗುವುದಿಲ್ಲ. ಔಷಧ ಕಸವಾಗದ ಹಾಗೆ ನೋಡಿಕೊಳ್ಳುವುದೇ ಅಲ್ಲಿ ಮೊದಲ ಕೆಲಸ. ಫಾರ್ಮಸಿಯ ಕಪಾಟಿನಲ್ಲಿ ಬೇಗ ಅವಧಿ ಮುಗಿಯುವ ಮದ್ದು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಮೊದಲು ಬಂದದ್ದು ಮೊದಲು ಹೋಗಬೇಕು ಎಂಬ ಲೆಕ್ಕ ಇಲ್ಲಿಲ್ಲ, ಮೊದಲು ಮುಗಿಯುವುದು ಮೊದಲು ಹೋಗಬೇಕು. ಮುಗಿಯಲು ಕೆಲವೇ ತಿಂಗಳು ಇರುವ ಸ್ಟಾಕನ್ನು ಬೇರೆ ಇಟ್ಟು, ಸರಬರಾಜು ಮಾಡಿದವರಿಗೆ ವಾಪಸ್ ಕಳಿಸುತ್ತಾರೆ. ವಾರ್ಡಿನ ತುರ್ತು ಟ್ರಾಲಿಯನ್ನೂ ಆಗಾಗ ತೆರೆದು ದಿನಾಂಕ ನೋಡುತ್ತಾರೆ. ರೋಗಿ ಡಿಸ್ಚಾರ್ಜ್ ಆಗುವಾಗ ಒಡೆಯದೆ ಉಳಿದ ಮಾತ್ರೆ, ಇಂಜೆಕ್ಷನ್‌ಗಳು ವಾರ್ಡಿನಿಂದ ಫಾರ್ಮಸಿಗೆ ಮರಳಿ ಬಿಲ್ಲಿನಲ್ಲಿ ಕಳೆಯುತ್ತವೆ. ಇನ್ಸುಲಿನ್‌ನಂಥ ಫ್ರಿಜ್ಜಿನ ಮದ್ದು ಒಮ್ಮೆ ಹೊರಗೆ ಹೋದರೆ ಹಾಗೆ ಮರಳುವುದಿಲ್ಲ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇತ್ತು ಎಂದು ಯಾರೂ ಖಾತ್ರಿ ಕೊಡಲಾರರು, ಅದಕ್ಕೆ.

ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧದ ದಾರಿ ಇನ್ನೂ ಬಿಗಿ. ಅದು ಜೀವಕೋಶವನ್ನೇ ಕೊಲ್ಲುವ ಮದ್ದು. ಉಳಿದ ಹನಿ ಮಾತ್ರ ಅಲ್ಲ, ಅದು ತಾಗಿದ ಟ್ಯೂಬ್, ಗ್ಲೌಸ್, ಸೀಸೆಯೂ ಅದರ ಜೊತೆಗೇ ಹೋಗಬೇಕು. ಅದನ್ನು 1,200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಸುಡಬೇಕು, ಇಲ್ಲವೇ ತಯಾರಕರಿಗೆ ಮರಳಿಸಬೇಕು ಎನ್ನುತ್ತದೆ ನಿಯಮ. ಮಾರ್ಫಿನ್‌ನಂಥವಕ್ಕೆ 1985ರ ಮಾದಕ ವಸ್ತು ಕಾಯ್ದೆಯೂ ಸೇರಿಕೊಳ್ಳುತ್ತದೆ. ಬೀಗ ಹಾಕಿದ ಕಪಾಟು, ದಿನದಿನದ ಲೆಕ್ಕದ ಪುಸ್ತಕ. ಸೀಸೆಯಲ್ಲಿ ಅರ್ಧ ಉಳಿದರೆ ಅದನ್ನು ಚೆಲ್ಲುವಾಗ ಎರಡನೆಯವರೊಬ್ಬರು ನೋಡಿ ಸಹಿ ಹಾಕುವ ಪದ್ಧತಿ.

ಕಟ್ಟಿದ ಹಳದಿ ಚೀಲಕ್ಕೆ ಬಾರ್‌ಕೋಡ್ ಅಂಟುತ್ತದೆ. ಗಾಡಿ ಬಂದು ಅದನ್ನು ಹಲವು ಆಸ್ಪತ್ರೆಗಳಿಗೆ ಸೇರಿ ಇರುವ ಸಂಸ್ಕರಣಾ ಘಟಕಕ್ಕೆ ಒಯ್ಯುತ್ತದೆ. 75 ಕಿಲೋಮೀಟರ್ ಒಳಗೆ ಇಂಥ ಘಟಕ ಇದ್ದರೆ ಆಸ್ಪತ್ರೆ ತನ್ನದೇ ಕುಲುಮೆ ಇಡುವಂತಿಲ್ಲ. ಕುಲುಮೆಗೆ ಎರಡು ಕೋಣೆ. ಮೊದಲನೆಯದರಲ್ಲಿ ಕಸ ಕನಿಷ್ಠ 800 ಡಿಗ್ರಿಯಲ್ಲಿ ಉರಿಯುತ್ತದೆ. ಅದರ ಹೊಗೆ ಎರಡನೆಯ ಕೋಣೆಯಲ್ಲಿ ಸುಮಾರು 1,050 ಡಿಗ್ರಿಯಲ್ಲಿ ಕನಿಷ್ಠ ಎರಡು ಸೆಕೆಂಡ್ ನಿಂತು ಮತ್ತೆ ಸುಡಬೇಕು. ಆ ಎರಡು ಸೆಕೆಂಡೇ ಮುಖ್ಯ. ಅಷ್ಟು ಶಾಖವಾಗಲೀ ಸಮಯವಾಗಲೀ ಸಿಗದಿದ್ದರೆ ವಿಷದ ಅಣುಗಳು ಒಡೆಯದೆ ಚಿಮಣಿಯಿಂದ ಹೊರಗೆ ಹೋಗುತ್ತವೆ. ಪ್ರತಿ ಆಸ್ಪತ್ರೆಯೂ ವರ್ಷದ ಲೆಕ್ಕವನ್ನು ಜೂನ್ 30ರೊಳಗೆ ಕೊಡಬೇಕು. ಇಲ್ಲಿ ಅದನ್ನು ನೋಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.

ಎಲ್ಲ ಕಡೆಯೂ ಇದು ಪುಸ್ತಕದಲ್ಲಿ ಇರುವಂತೆಯೇ ನಡೆಯುತ್ತದೆ ಎಂದಲ್ಲ. ಚಿಕ್ಕ ಕ್ಲಿನಿಕ್‌ಗಳಲ್ಲಿ ಡಾಕ್ಟರಿಗೆ ಬಂದ ಸ್ಯಾಂಪಲ್ ಮಾತ್ರೆಗಳು ಡ್ರಾಯರ್‌ನಲ್ಲೇ ಹಳತಾಗುತ್ತವೆ. ಆದರೂ ಒಂದು ದಾರಿ ಇದೆ, ಅದಕ್ಕೊಬ್ಬ ಹೊಣೆಗಾರ ಇದ್ದಾನೆ, ಹೆಚ್ಚುಕಡಿಮೆ ಆದರೆ ಕೇಳುವವರೂ ಇದ್ದಾರೆ.

ಗೇಟ್ ದಾಟಿದ ಮೇಲೆ

ಅದೇ ಮಾತ್ರೆಯನ್ನು ರೋಗಿ ಮನೆಗೆ ಒಯ್ದ ಮೇಲೆ ಅದರ ಹೆಸರೇ ಬದಲಾಗುತ್ತದೆ. ವಾರ್ಡಿನಲ್ಲಿ ಉಳಿದರೆ ಜೈವಿಕ ವೈದ್ಯಕೀಯ ತ್ಯಾಜ್ಯ. ಮನೆಯಲ್ಲಿ ಉಳಿದರೆ ಮನೆಯ ಅಪಾಯಕಾರಿ ಕಸ, ಹೊಸ ಹೆಸರಿನಲ್ಲಿ ವಿಶೇಷ ಕಾಳಜಿಯ ಕಸ. ಬ್ಯಾಚ್ ನಂಬರ್ ಒಂದೇ, ಒಳಗಿನ ರಾಸಾಯನಿಕ ಒಂದೇ. ಬೇರೆ ಆಗಿರುವುದು ಹೊಣೆ ಹೊರುವವರು. ಒಳಗೆ ಆಸ್ಪತ್ರೆ, ಹೊರಗೆ ಪಾಲಿಕೆ, ನಗರಸಭೆ, ಪಂಚಾಯಿತಿ.

ಕಾನೂನೇ ಇಲ್ಲ ಎಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಮನೆಯ ಅಪಾಯಕಾರಿ ಕಸದ ಪಟ್ಟಿಯಲ್ಲಿ ಅವಧಿ ಮುಗಿದ ಔಷಧದ ಹೆಸರಿತ್ತು. ಅಂಥ ಕಸ ಪಡೆಯಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ತೆರೆಯಬೇಕು ಎಂದೂ ಇತ್ತು. ಅದೇ ವರ್ಷದ ವೈದ್ಯಕೀಯ ತ್ಯಾಜ್ಯ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದವು. ಮನೆಯಲ್ಲಿ ರೋಗಿಯ ಆರೈಕೆಯಿಂದ ಬರುವ ವೈದ್ಯಕೀಯ ಕಸವನ್ನು ಬೇರೆ ಚೀಲದಲ್ಲಿ ಪೌರಕಾರ್ಮಿಕರಿಗೆ ಕೊಡಬೇಕು. ನಗರಾಡಳಿತ ಆಸ್ಪತ್ರೆಯ ಕಸ ಸುಡುವ ಘಟಕದ ಜೊತೆ ಒಪ್ಪಂದ ಮಾಡಿಕೊಂಡು ಅದನ್ನು ಅಲ್ಲಿಗೆ ತಲುಪಿಸಬೇಕು.

ಅಂದರೆ ಮನೆಯಿಂದ ಕುಲುಮೆಯವರೆಗೆ ದಾರಿಯನ್ನು ಹತ್ತು ವರ್ಷದ ಹಿಂದೆಯೇ ಬರೆದಿಡಲಾಗಿದೆ. ಆದರೆ ನಿಮ್ಮ ವಾರ್ಡಿನಲ್ಲಿ ಅಂಥ ಕೇಂದ್ರ ಎಲ್ಲಿದೆ ಎಂದು ನಾಲ್ಕು ಜನರನ್ನು ಕೇಳಿ ನೋಡಿ. ಮಾತ್ರೆ ಹಾಕಲು ಇಂಥ ಜಾಗ ಎಂದು ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಮಾತ್ರೆ ಒಣ ಕಸಕ್ಕೆ ಬೀಳುತ್ತದೆ. ಒಣ ಕಸವನ್ನು ಕೈಯಲ್ಲಿ ಬಿಡಿಸುವವರು ಬಡ ಹೆಂಗಸರು. ಸೂಜಿ ಚುಚ್ಚುವುದು ಅವರಿಗೇ, ಒಡೆದ ಸಿರಪ್ ಬಾಟಲಿ ಕೊಯ್ಯುವುದು ಅವರನ್ನೇ. ಯಾರಿಗೂ ಬೇಡದೆ ಉಳಿದದ್ದು ಕೊನೆಗೆ ಕಸದ ಗುಡ್ಡ ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಿತ್ತು. ಕಸದೊಳಗೆ ಏನೆಲ್ಲ ಇತ್ತೋ ಅದೆಲ್ಲ ಆ ಅಡಿಕೆ ತೋಟದ ಮಣ್ಣಿಗೆ ಸೇರಿತು. ಅಂಥ ಗುಡ್ಡಕ್ಕೆ ಆ್ಯಂಟಿಬಯಾಟಿಕ್ ಕೂಡ ಹೋಗುತ್ತಿದೆ ಎಂದರೆ ಸುಮ್ಮನಿರಲು ಆಗುತ್ತದೆಯೇ?

ಮೆಡಿಕಲ್‌ನವರು ಯಾಕೆ ವಾಪಸ್ ತೆಗೆದುಕೊಳ್ಳುವುದಿಲ್ಲ?

'ಕೊಂಡದ್ದು ಅಲ್ಲೇ ಅಲ್ವಾ, ಅಲ್ಲೇ ಕೊಟ್ಟರಾಯಿತು' ಎನ್ನುವುದು ಸಹಜ ಯೋಚನೆ. ಆದರೆ ಕೌಂಟರಿನ ಆ ಕಡೆ ನಿಂತವರ ಕಷ್ಟ ನಿಜವಾದದ್ದು.

ಔಷಧ ನಿಯಮಗಳು, 1945ರ ಪ್ರಕಾರ ಅವಧಿ ಮುಗಿದ ಮದ್ದನ್ನು ಅಂಗಡಿಯಲ್ಲಿ ಮಾರುವುದು ಮಾತ್ರ ಅಲ್ಲ, ಸುಮ್ಮನೆ ಇಟ್ಟುಕೊಳ್ಳುವುದೂ ತಪ್ಪು. ಒಂದೇ ವಿನಾಯಿತಿ ಇದೆ. ತಯಾರಕರಿಗೆ ವಾಪಸ್ ಕಳಿಸುವ ಏರ್ಪಾಟು ಮಾಡಿದ್ದರೆ, ಅಲ್ಲಿಯವರೆಗೆ ಮಾರಾಟದ ಸ್ಟಾಕಿನಿಂದ ದೂರ, 'ಮಾರಾಟಕ್ಕಲ್ಲ' ಎಂದು ಎದ್ದು ಕಾಣುವಂತೆ ಬರೆದ ಪೆಟ್ಟಿಗೆಯಲ್ಲಿ ಇಡಬಹುದು. ಅಂಗಡಿಯವರು ತಮ್ಮದೇ ಸ್ಟಾಕನ್ನು ಹಾಗೆಯೇ ಹಿಂದೆ ಕಳಿಸುತ್ತಾರೆ. ಬಿಲ್ ಇದೆ, ಬ್ಯಾಚ್ ಇದೆ, ಕಂಪನಿ ಹಣ ಹೊಂದಿಸಿಕೊಡುತ್ತದೆ.

ನಮ್ಮ ಡಬ್ಬಿಯಿಂದ ಬರುವ ಮಾತ್ರೆಗೆ ಇದ್ಯಾವುದೂ ಇಲ್ಲ. ಸ್ಟ್ರಿಪ್ಪನ್ನು ಕತ್ತರಿಸಿ ಕೊಟ್ಟಿರುವುದರಿಂದ ಎಷ್ಟೋ ಸಲ ದಿನಾಂಕ, ಬ್ಯಾಚ್ ನಂಬರ್ ಇರುವ ತುದಿಯೇ ಕಾಣೆ. ಯಾವ ಅಂಗಡಿಯಲ್ಲಿ ಕೊಂಡದ್ದೋ ಗೊತ್ತಿಲ್ಲ. ಇದನ್ನು ಪಡೆದರೆ ಹೊಂದಿಸಿಕೊಡುವವರಿಲ್ಲ, ಸುಡಿಸುವ ಖರ್ಚು ತಮ್ಮ ಮೇಲೆ, ತಪಾಸಣೆಗೆ ಬಂದ ಅಧಿಕಾರಿ ನೋಡಿದರೆ ಉತ್ತರ ಹೇಳುವುದೂ ತಾವೇ. ಈ ಭಯ ಹೋಗಬೇಕಾದರೆ ಇಲಾಖೆಯಿಂದ ಲಿಖಿತ ಆದೇಶ ಬೇಕು. ಜನರಿಂದ ಬಂದ ಔಷಧದ ಬೀಗದ ಪೆಟ್ಟಿಗೆ ಅಂಗಡಿಯ ಸ್ಟಾಕ್ ಅಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಇರಬೇಕು.

ಚೆನ್ನಾಗಿರುವ ಮದ್ದನ್ನು ಬಡವರಿಗೆ ಕೊಡಬಾರದೇ?

ಅವಧಿ ಇನ್ನೂ ಇದೆ, ಸ್ಟ್ರಿಪ್ ಒಡೆದಿಲ್ಲ, ಬೆಲೆಯೂ ಜಾಸ್ತಿ. ಸುಡುವುದೆಂದರೆ ಹೊಟ್ಟೆ ಉರಿಯುತ್ತದೆ. ವೆನ್‌ಲಾಕ್‌ನಂಥ ಸರ್ಕಾರಿ ಆಸ್ಪತ್ರೆಗೆ ಎಷ್ಟೋ ದೂರದಿಂದ ಬರುವ ರೋಗಿಗಳನ್ನು ನೋಡಿದವರಿಗೆ ಈ ಮಾತು ಇನ್ನೂ ತಾಗುತ್ತದೆ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಔಷಧ ದಾನದ ಮಾರ್ಗಸೂಚಿ ಒಮ್ಮೆ ರೋಗಿಯ ಕೈಗೆ ಹೋಗಿ ಬಂದ ಮದ್ದನ್ನು ದಾನ ಮಾಡಬೇಡಿ ಎನ್ನುತ್ತದೆ. ಕಾರಣ ಸರಳ. ಆ ಮಾತ್ರೆ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕಾರಿನೊಳಗೆ ಇತ್ತೋ, ಮಳೆಗಾಲದ ತೇವದಲ್ಲಿ ಅಡುಗೆಮನೆಯ ಕಪಾಟಿನಲ್ಲಿ ಇತ್ತೋ ಯಾರಿಗೆ ಗೊತ್ತು? ನೋಡಲು ಹೊಸದರ ಹಾಗೇ ಇರುತ್ತದೆ, ಒಳಗಿನ ಶಕ್ತಿ ಕುಂದಿರಬಹುದು. ಹೃದಯದ ಮಾತ್ರೆಯಲ್ಲಿ, ಫಿಟ್ಸ್ ಮಾತ್ರೆಯಲ್ಲಿ ಅಂಥ ಅನುಮಾನ ಇಟ್ಟುಕೊಂಡು ಬಡವರಿಗೆ ಕೊಡುವುದು ದಾನ ಆಗುವುದಿಲ್ಲ. ಮದ್ದು ಮನೆಗೆ ಹೋಗುವ ಮುಂಚೆ ಉಳಿಸುವುದು ಸರಿಯಾದ ದಾರಿ. ಹೊಸ ಔಷಧ ಶುರುಮಾಡುವಾಗ ಒಂದು ತಿಂಗಳಿಗೆ ಬದಲು ಒಂದು ವಾರಕ್ಕೆ ಬರೆಯುವುದು, ಅಡ್ಡಪರಿಣಾಮ ಇಲ್ಲ ಎಂದು ಖಾತ್ರಿಯಾದ ಮೇಲೆ ಉಳಿದದ್ದು ಕೊಡುವುದು ಡಾಕ್ಟರುಗಳ ಕೈಯಲ್ಲೇ ಇದೆ.

ಖರ್ಚು ಯಾರದು?

ಜಗಳ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಪಾಲಿಕೆ ಕೊಟ್ಟರೆ ಅದು ಜನರ ತೆರಿಗೆಯ ದುಡ್ಡು. ಅಂಗಡಿಯವರು ಕೊಡಬೇಕೆಂದರೆ ಚಿಕ್ಕ ಮೆಡಿಕಲ್‌ಗಳಿಗೆ ಹೊರೆ. ಮಾಡಿ ಮಾರಿದ ಕಂಪನಿ ಕೊಡಲಿ ಎನ್ನುವುದು ಮೂರನೆಯ ವಾದ. ಫ್ರಾನ್ಸ್‌ನಲ್ಲಿ ಔಷಧ ಅಂಗಡಿಗಳು ಉಳಿದ ಮದ್ದನ್ನು ಉಚಿತವಾಗಿ ವಾಪಸ್ ಪಡೆಯಲೇಬೇಕು, ಅದರ ಖರ್ಚನ್ನು ಔಷಧ ಕಂಪನಿಗಳು ಭರಿಸುತ್ತವೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಕೊಳಚೆ ನೀರಿನ ಬಗ್ಗೆ ಹೊಸ ಕಾನೂನು ಮಾಡಿತು. ನೀರಿನಿಂದ ಔಷಧದ ಅಂಶ ತೆಗೆಯುವ ಹೆಚ್ಚುವರಿ ಶುದ್ಧೀಕರಣದ ಖರ್ಚಿನಲ್ಲಿ ಕನಿಷ್ಠ 80 ಶೇಕಡಾ ಔಷಧ ಮತ್ತು ಸೌಂದರ್ಯವರ್ಧಕ ಕಂಪನಿಗಳದ್ದು ಎಂದು ಅದು ಹೇಳುತ್ತದೆ.

ನಮ್ಮಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಇ-ತ್ಯಾಜ್ಯಕ್ಕೆ ತಯಾರಕರ ಹೊಣೆ ಈಗಾಗಲೇ ಇದೆ. ಮಾತ್ರೆಗೆ ಮಾತ್ರ ಯಾಕಿಲ್ಲ? ಪರಿಸರ ಕಾಯ್ದೆಯ ದಂಡ 10,000 ರೂಪಾಯಿಯಿಂದ 15 ಲಕ್ಷದವರೆಗೆ ಇದೆ, ನಿಜ. ಆದರೆ ಕೊಡಲು ಜಾಗವೇ ಇಲ್ಲದ ಗೃಹಿಣಿಗೆ ದಂಡದ ಭಯ ಹುಟ್ಟಿಸಿ ಏನೂ ಪ್ರಯೋಜನ ಇಲ್ಲ.

ಇದೇ ಕರಾವಳಿಯ ಇನ್ನೊಂದು ಊರು

ಮಂಗಳೂರಿನಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಕೋಯಿಕ್ಕೋಡ್. ಅದೇ ಮಳೆ, ಅದೇ ಮುರಕಲ್ಲು, ಅದೇ ಬಾವಿಗಳು. ಕೇರಳದ ಔಷಧ ನಿಯಂತ್ರಣ ಇಲಾಖೆ 2025ರ ಫೆಬ್ರವರಿಯಲ್ಲಿ ಅಲ್ಲಿ 'ಎನ್‌ಪ್ರೌಡ್' ಎಂಬ ಯೋಜನೆ ಶುರುಮಾಡಿತು. ಕೋಯಿಕ್ಕೋಡ್ ನಗರ ಮತ್ತು ಉಳ್ಳಿಯೇರಿ ಪಂಚಾಯಿತಿಯಲ್ಲಿ ಮೊದಲ ಪ್ರಯೋಗ. ಮನೆಗಳಲ್ಲಿ ಉಳಿದ ಔಷಧವನ್ನು ಸಂಗ್ರಹಿಸಿ ಎರ್ನಾಕುಳಂ ಜಿಲ್ಲೆಯ ಸಂಸ್ಕರಣಾ ಘಟಕಕ್ಕೆ ಕಳಿಸಿ ಸುಡಿಸುತ್ತಾರೆ. ಇದಕ್ಕೂ ಮುಂಚೆ ತಿರುವನಂತಪುರದಲ್ಲಿ ಒಂದು ಪ್ರಯೋಗ ಆಗಿತ್ತು, ಅದರಿಂದ ಕಲಿತು ಇದನ್ನು ಕಟ್ಟಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಮುಂದಾಳು ಯಾರು ಎನ್ನುವುದು. ಔಷಧ ನಿಯಂತ್ರಣ ಇಲಾಖೆಯೇ ಮುಂದೆ ನಿಂತದ್ದರಿಂದ ಅಂಗಡಿಯವರ ಭಯಕ್ಕೆ ಜಾಗ ಇಲ್ಲದಾಯಿತು. ಪೆಟ್ಟಿಗೆ ಇಡಿ ಎಂದು ಹೇಳುವವರೂ ತಪಾಸಣೆ ಮಾಡುವವರೂ ಒಂದೇ ಇಲಾಖೆಯವರು.

ಮಂಗಳೂರು, ಉಡುಪಿಗೆ ಇದು ಅಸಾಧ್ಯ ಅಲ್ಲ. ಇಲ್ಲಿ ಇನ್ನೂ ಸುಲಭ ಎಂದೇ ಹೇಳಬೇಕು. ವೆನ್‌ಲಾಕ್, ಲೇಡಿಗೋಷನ್‌ನಿಂದ ಹಿಡಿದು ಕಂಕನಾಡಿ, ದೇರಳಕಟ್ಟೆ, ಮಣಿಪಾಲದವರೆಗೆ ಇಷ್ಟು ಹತ್ತಿರ ಹತ್ತಿರ ದೊಡ್ಡ ಆಸ್ಪತ್ರೆಗಳಿರುವ ಜಾಗ ರಾಜ್ಯದಲ್ಲಿ ಅಪರೂಪ. ಹಳದಿ ಚೀಲದ ಗಾಡಿ ಈ ರಸ್ತೆಗಳಲ್ಲಿ ದಿನವೂ ಓಡಾಡುತ್ತದೆ. ಹೊರರೋಗಿ ವಿಭಾಗದ ಫಾರ್ಮಸಿ ಪಕ್ಕ ಬೀಗ ಹಾಕಿದ ಒಂದು ಪೆಟ್ಟಿಗೆ ಇಟ್ಟರೆ, ಮುಂದಿನ ತಪಾಸಣೆಗೆ ಬರುವ ರೋಗಿ ಹಳೆಯದನ್ನು ಅಲ್ಲೇ ಹಾಕಿ ಹೊಸ ಮದ್ದು ಕೊಂಡುಹೋಗಬಹುದು. ಕಾಸರಗೋಡು, ಚಿಕ್ಕಮಗಳೂರು, ಶಿವಮೊಗ್ಗದಿಂದ ಬರುವವರಿಗೂ ಅದೇ ಅನುಕೂಲ. ಫಾರ್ಮಸಿ ಕಾಲೇಜುಗಳ ಹುಡುಗ ಹುಡುಗಿಯರು ಇಂಥ ಪೆಟ್ಟಿಗೆಯಲ್ಲಿ ಬಂದದ್ದನ್ನು ಪಟ್ಟಿ ಮಾಡಿದರೆ ಇನ್ನೊಂದು ಲಾಭ ಇದೆ. ಯಾವ ಮದ್ದನ್ನು ಡಾಕ್ಟರುಗಳು ಹೆಚ್ಚಾಗಿ ಬರೆಯುತ್ತಿದ್ದಾರೆ, ಯಾವುದನ್ನು ಜನ ಅರ್ಧಕ್ಕೆ ನಿಲ್ಲಿಸುತ್ತಿದ್ದಾರೆ ಎಂದು ಆ ಪಟ್ಟಿಯೇ ಹೇಳುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿ

ಸಾಮಾನ್ಯ ಮಾತ್ರೆ, ಕ್ಯಾಪ್ಸೂಲ್, ಸಿರಪ್ ಯಾವುದನ್ನೂ ಟಾಯ್ಲೆಟ್‌ಗೆ, ಸಿಂಕಿಗೆ, ತೋಡಿಗೆ, ತೆಂಗಿನ ಬುಡಕ್ಕೆ ಹಾಕಬೇಡಿ. ಬಚ್ಚಲ ಒಲೆಗೂ ಬೇಡ. ಹಂಡೆಯ ಕೆಳಗಿನ ಬೆಂಕಿ ಕುಲುಮೆಯ ಶಾಖದ ಹತ್ತಿರಕ್ಕೂ ಬರುವುದಿಲ್ಲ. ಮಾತ್ರೆಯ ಪಾರದರ್ಶಕ ಸ್ಟ್ರಿಪ್ ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್. ಅದು ಕಡಿಮೆ ಶಾಖದಲ್ಲಿ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಆ ಹೊಗೆ ಕುಡಿಯುವುದು ನೀರು ಕಾಯಿಸುವವರೇ. ಅಸ್ತಮಾದ ಇನ್ಹೇಲರ್ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ.

ಉಳಿದದ್ದನ್ನು ಸ್ಟ್ರಿಪ್‌ನಲ್ಲೇ, ಮುಚ್ಚಳ ಬಿಗಿಮಾಡಿದ ಬಾಟಲಿಯಲ್ಲೇ ಬಿಡಿ. ಮಾತ್ರೆಗಳನ್ನು ಪುಡಿ ಮಾಡಬೇಡಿ. ಮತ್ತೆ ಯಾರೂ ಮಾರದಂತೆ ಸ್ಟ್ರಿಪ್ ಮೇಲೆ ದಪ್ಪ ಪೆನ್ನಿನಿಂದ ಗೀಟು ಎಳೆಯಿರಿ. ಬೇರೆ ಚೀಲಕ್ಕೆ ಹಾಕಿ 'ಅವಧಿ ಮುಗಿದ ಔಷಧ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಪೌರಕಾರ್ಮಿಕರಿಗೆ ಏನಿದೆ ಎಂದು ಹೇಳಿ ಕೈಗೇ ಕೊಡಿ. ಇನ್ಸುಲಿನ್ ಸೂಜಿಗಳು ಚೀಲಕ್ಕೆ ಬೇಡ, ಚುಚ್ಚಿ ಹೊರಬರದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ.

ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದು ಮಾರ್ಫಿನ್ ಅಥವಾ ಫೆಂಟನಿಲ್ ಉಳಿದಿದ್ದರೆ ಮಾತು ಬೇರೆ. ರೋಗಿ ತೀರಿಕೊಂಡ ಮನೆಗಳಲ್ಲಿ ಆ ಕಡೆ ಯಾರಿಗೂ ಗಮನ ಇರುವುದಿಲ್ಲ, ಪಾಪ. ಸಂಬಂಧಿಕರಲ್ಲಿ ಒಬ್ಬರು ಆ ಕೆಲಸ ವಹಿಸಿಕೊಂಡು, ಮದ್ದು ಕೊಟ್ಟ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ವಿಭಾಗಕ್ಕೆ ಮೊದಲು ಫೋನ್ ಮಾಡಬೇಕು. ಲೆಕ್ಕ ಇಡುವವರು ಅವರೇ, ದಾರಿ ಹೇಳುವವರೂ ಅವರೇ. ಅಲ್ಲಿಂದಲೂ ದಾರಿ ಸಿಗದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಆಗ ಮಾತ್ರ ಫ್ಲಷ್ ಸಲಹೆಗೆ ಅರ್ಥ ಇದೆ. ಬಾವಿಯ ನೀರಿಗಿಂತ ಎದುರಿಗೆ ಆಡುವ ಮಗುವಿನ ಅಪಾಯ ಆ ಹೊತ್ತಿಗೆ ದೊಡ್ಡದು. ಬೆನ್ನುನೋವಿಗೆ, ಆಪರೇಷನ್ ಆದ ಮೇಲೆ ಕೊಡುವ ಟ್ರಮಡಾಲ್, ಟಪೆಂಟಡಾಲ್ ಮಾತ್ರೆಗಳು ಎಷ್ಟೋ ಮನೆಗಳಲ್ಲಿರುತ್ತವೆ. ಅವೂ ಈ ಪಟ್ಟಿಯವೇ. ಬೀಗ ಹಾಕಿಡಿ, ಬರೆದ ಡಾಕ್ಟರ ಬಳಿ ಮುಂದಿನ ಭೇಟಿಗೆ ಒಯ್ದು ಕೇಳಿ.

ಇನ್ನು ಹೊಸ ನಿಯಮದ ವಿಷಯ. ಔಷಧ ವಿಶೇಷ ಕಾಳಜಿಯ ಕಸ ಎಂದು ಕಾಗದದಲ್ಲಿ ಆಗಿದೆ. ಅದನ್ನು ಅಧಿಕೃತ ಸಂಸ್ಥೆ ಬಂದು ಒಯ್ಯಬೇಕು, ಇಲ್ಲವೇ ಗೊತ್ತುಮಾಡಿದ ಕೇಂದ್ರಕ್ಕೆ ನಾವು ಕೊಡಬೇಕು. ಆ ಸಂಸ್ಥೆ ಯಾವುದು, ಕೇಂದ್ರ ಯಾವ ರಸ್ತೆಯಲ್ಲಿ, ವಾರದ ಯಾವ ದಿನ, ಅಲ್ಲಿಂದ ಯಾವ ಕುಲುಮೆಗೆ? ಮುಂದಿನ ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ನಾಲ್ಕನ್ನು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.